ಪ್ಲಾನ್ ಇಲ್ದೆ ಎಚ್‌ಆರ್‌ಗೆ ಹೋಗಿ, ಪರವಾಗಿಲ್ಲ. ತಯಾರಿ ಇಲ್ದೆ ಹೋಗ್ಬೇಡಿ

ಬಿಕಾಂ ಆದ್ಮೇಲೆ ಏನು? ಭಾಗ 6 (1/2)

ಫೋಟೋ ನಮ್ಮ ಹುಲಿಕೆರೆ ಕಲ್ಯಾಣಿದು. ಮಾತು ಮಾತ್ರ ಕೆಲಸದ್ದು.

ಕ್ಲಾಸಲ್ಲಿ ಯಾರನ್ನಾದ್ರೂ ಕೇಳಿ ನೋಡಿ, ಮುಂದೇನು ಅಂತ. ಸಿಎ, ಬ್ಯಾಂಕ್ ಎಕ್ಸಾಮ್, ಎಫ್‌ಡಿಎ, ಎಂಬಿಎ ಅಂತಾರೆ. "ನಾನು ಎಚ್‌ಆರ್ ಆಗ್ತೀನಿ" ಅನ್ನೋರು ಸಿಗೋದೇ ಕಷ್ಟ. ಆದ್ರೆ ಡಿಗ್ರಿ ಮುಗಿಸಿ ಅರಸೀಕೆರೆಯಲ್ಲಿ ಬೆಂಗಳೂರು ಟ್ರೈನ್ ಹತ್ತಿದ ಸೀನಿಯರ್ಸ್‌ನ ವಿಚಾರಿಸಿ, ಅವರಲ್ಲಿ ರಿಕ್ರೂಟರ್ ಆದವರು ಸಿಕ್ಕೇ ಸಿಗ್ತಾರೆ. ಅಕೌಂಟ್ಸ್ ಕೆಲಸಕ್ಕೆ ಅಂತ ಇಂಟರ್‌ವ್ಯೂಗೆ ಹೋಗಿರ್ತಾರೆ. "ಚೆನ್ನಾಗಿ ಮಾತಾಡ್ತೀರ, ಹೈರಿಂಗ್ ಟೀಮ್‌ಗೆ ಬರ್ತೀರಾ?" ಅಂತ ಕೇಳಿರ್ತಾರೆ. ಸಂಬಳ ಬೇಕಿತ್ತು, ಸೇರ್ಕೊಂಡ್ರು. ಊರಲ್ಲಿ ಮಾತ್ರ "ಬೇರೇನೂ ಸಿಗ್ಲಿಲ್ಲ, ಅದಕ್ಕೆ ಎಚ್‌ಆರ್" ಅಂತ ನಗ್ತಾರೆ.

ಇದರಲ್ಲಿ ನಗೋಕೆ ಏನಿದೆ? ಪ್ಲಾನ್ ಮಾಡದೆ ಒಂದು ಕೆಲಸಕ್ಕೆ ಬರೋದು ಅವಮಾನ ಅಲ್ಲ. ಇನ್ಫೋಸಿಸ್‌ನಲ್ಲಿದ್ದ ಟಿ. ವಿ. ಮೋಹನ್‌ದಾಸ್ ಪೈ ಅವರನ್ನೇ ತಗೊಳ್ಳಿ. ಓದಿದ್ದು ನಮ್ಮ ಥರ ಬಿಕಾಂ, ಆಮೇಲೆ ಕಾನೂನು, ಸಿಎ. 1994ರಲ್ಲಿ ಇನ್ಫೋಸಿಸ್ ಸೇರಿ ಕಂಪನಿಯ ಹಣಕಾಸು ನೋಡ್ಕೊಂಡ್ರು. 2006ರಲ್ಲಿ ಆ ಸಿಎಫ್‌ಒ ಕುರ್ಚಿ ಬಿಟ್ಟು ಎಚ್‌ಆರ್ ಜವಾಬ್ದಾರಿ ತಗೊಂಡ್ರು. ಲೆಕ್ಕ ನೋಡ್ತಿದ್ದವರು ಜನರ ಕಡೆಗೆ ಬಂದ್ರು. ಅವರು ಬಂದಿದ್ದು ಮೇಲಿನ ಮೆಟ್ಟಿಲಿಂದ, ನಾವು ಹೋಗೋದು ಕೆಳಗಿನ ಮೆಟ್ಟಿಲಿಗೆ, ಒಪ್ತೀನಿ. ಆದ್ರೆ ಕಾಮರ್ಸ್‌ನಿಂದ ಎಚ್‌ಆರ್‌ಗೆ ದಾರಿ ಇದೆ ಅನ್ನೋದಂತೂ ನಿಜ.

ನನ್ನ ತಕರಾರು ಇರೋದು ಇನ್ನೊಂದು ಮಾತಿನ ಮೇಲೆ: "ಎಚ್‌ಆರ್‌ಗೆ ಏನೂ ಗೊತ್ತಿರಬೇಕಿಲ್ಲ, ಕಮ್ಯುನಿಕೇಷನ್ ಇದ್ರೆ ಸಾಕು." ಇದು ಸುಳ್ಳು. ಬರೀ ಸುಳ್ಳಲ್ಲ, ಅಪಾಯ. ಯಾಕೆ ಅಂತ ಮುಂದಿನ ಪೋಸ್ಟಲ್ಲಿ. 👉

ಭಾಗ 6 (2/2)

ಕೋಲಾರ ಜಿಲ್ಲೆ ನರಸಾಪುರ, 2020ರ ಡಿಸೆಂಬರ್ 12. ಐಫೋನ್ ಜೋಡಿಸ್ತಿದ್ದ ವಿಸ್ಟ್ರಾನ್ ಫ್ಯಾಕ್ಟರಿಯಲ್ಲಿ ಕಾರ್ಮಿಕರು ರೊಚ್ಚಿಗೆದ್ದು ಗಾಜು ಒಡೆದ್ರು, ಗಾಡಿ ಉರುಳಿಸಿದ್ರು. ಆ ಗಲಾಟೆ ಸರಿ ಅಂತ ನಾನು ಹೇಳ್ತಿಲ್ಲ. ಅದರ ಹಿಂದೆ ಏನಿತ್ತು ನೋಡಿ. ಹೇಳಿದಷ್ಟು ಸಂಬಳ ಬರ್ತಿಲ್ಲ, ಓಟಿ ದುಡ್ಡು ಸೇರ್ತಿಲ್ಲ ಅನ್ನೋ ದೂರು. ಅವರಲ್ಲಿ ಹೆಚ್ಚಿನವರು ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆ ಹುಡುಗರು. ಕೆಲವರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಹೋಗಿರಲಿಲ್ಲ ಅಂತ ಆಮೇಲೆ ಕಂಪನಿಯೇ ಒಪ್ಪಿ ಕ್ಷಮೆ ಕೇಳ್ತು.

ರಾಜ್ಯದ ಕಾರ್ಖಾನೆ ಇಲಾಖೆ ತನಿಖೆ ಮಾಡಿತು. ಸ್ವಲ್ಪ ಸಮಯದಲ್ಲೇ ಕೆಲಸಗಾರರ ಸಂಖ್ಯೆ 5,000ದಿಂದ 10,500ಕ್ಕೆ ಏರಿದೆ, ಆದ್ರೆ ಕಾರ್ಮಿಕ ಕಾನೂನು ಚೆನ್ನಾಗಿ ಗೊತ್ತಿರೋ ಜನ ಇರುವಂಥ ಎಚ್‌ಆರ್ ವಿಭಾಗವನ್ನ ಸರಿಯಾಗಿ ಕಟ್ಟಿಲ್ಲ ಅಂತ ವರದಿ ಹೇಳ್ತು. ಇನ್ನೊಂದ್ಸಲ ಓದಿ. ಅಲ್ಲಿ ಚೆನ್ನಾಗಿ ಮಾತಾಡೋರಿಗೆ ಬರ ಇತ್ತು ಅಂತ ಯಾರೂ ಬರೆದಿಲ್ಲ. ಕಾನೂನು ಗೊತ್ತಿರೋರು ಇರಲಿಲ್ಲ.

ಎಚ್‌ಆರ್ ಅಂದ್ರೆ ಹಬ್ಬದ ದಿನ ರಂಗೋಲಿ ಸ್ಪರ್ಧೆ ಮಾಡಿಸೋರು ಅಂತ ರೀಲ್ಸ್ ನೋಡಿ ಅಂದ್ಕೋಬೇಡಿ. 1948ರ ಕಾರ್ಖಾನೆ ಕಾಯ್ದೆಯ 49ನೇ ಸೆಕ್ಷನ್, 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರೋ ಕಡೆ ಕಲ್ಯಾಣ ಅಧಿಕಾರಿ ಇರಲೇಬೇಕು ಅಂದಿತ್ತು. ಈಗಿನ ಎಚ್‌ಆರ್ ಕುರ್ಚಿಗೆ ಆ ಹುದ್ದೆ ಒಂಥರಾ ತಾತ. ಕೆಲಸಗಾರನ ಕ್ಷೇಮ ನೋಡೋಕೆ ಅಂತಲೇ ಆ ಹುದ್ದೆ ಹುಟ್ಟಿದ್ದು.

ಇಲ್ಲೇ ಬಿಕಾಂ ನಮ್ಮ ಕೈ ಹಿಡಿಯುತ್ತೆ. ಬೇಸಿಕ್ 15,000 ಇದ್ರೆ ಪಿಎಫ್ 12% ಲೆಕ್ಕದಲ್ಲಿ 1,800 ಕಟ್ ಆಗುತ್ತೆ, ಕಂಪನಿನೂ 1,800 ಹಾಕ್ಬೇಕು. ಆ ಕಂಪನಿ ಪಾಲನ್ನೂ ಸಾಮಾನ್ಯವಾಗಿ ಸಿಟಿಸಿ ಒಳಗೇ ಸೇರಿಸಿ ತೋರಿಸ್ತಾರೆ. ಅದಕ್ಕೇ ಕೈಗೆ ಬರೋ ದುಡ್ಡು ನೋಡಿ ಹೊಸಬರು ಬೆಚ್ಚಿಬೀಳೋದು. ಸಂಬಳ 21,000ದ ಒಳಗಿದ್ರೆ ಇಎಸ್ಐ: ನಮ್ಮಿಂದ 0.75%, ಕಂಪನಿಯಿಂದ 3.25%. ಅಂದ್ರೆ 20,000ಕ್ಕೆ ನಮ್ಮದು 150, ಅವರದು 650. ಆಫರ್ ಕೊಡೋ ದಿನ ಫೋನಲ್ಲೇ ಇಷ್ಟು ಬಿಡಿಸಿ ಹೇಳೋ ರಿಕ್ರೂಟರ್ ಇದ್ರೆ ಮೊದಲ ತಿಂಗಳ ಜಗಳ ಎಷ್ಟೋ ಕಡಿಮೆ ಆಗುತ್ತೆ.

"ಅಷ್ಟೆಲ್ಲ ಎಲ್ಲಿ? ದಿನಾ ಫೋನ್ ಮಾಡೋದು, ಟಾರ್ಗೆಟ್ ಮುಟ್ಟಿಸೋದು, ಅಷ್ಟೇ" ಅಂತೀರ. ಹೌದು, ಶುರುವಿನ ಕೆಲಸ ಅದೇ. ಹೊಸದಾಗಿ ಸೇರಿದವರ ಮಾತಿಗೆ ಆಫೀಸಲ್ಲಿ ತೂಕನೂ ಇರಲ್ಲ. ಆದ್ರೆ ಆ ಕಡೆ ಫೋನ್ ಹಿಡಿದಿರೋದು ಯಾರು? ಜಾವಗಲ್ಲಿನ ಐಟಿಐ ಹುಡುಗ ಇರಬಹುದು, ಹಳೇಬೀಡಿನಿಂದ ಮೊದಲ ಸಲ ಪೇಟೆಗೆ ಹೊರಟ ಹುಡುಗಿ ಇರಬಹುದು. ನೀವು ಹೇಳಿದ ಸಂಬಳ ನಂಬಿ ಅವರು ಪಿಜಿಗೆ ಅಡ್ವಾನ್ಸ್ ಕಟ್ತಾರೆ, ಅಪ್ಪ ಅಮ್ಮ ಸಾಲದ ಕಂತು ಲೆಕ್ಕ ಹಾಕ್ತಾರೆ. ನಿಮಗೆ ಅದು ತಿಂಗಳ ಟಾರ್ಗೆಟ್‌ನಲ್ಲಿ ಒಂದು ನಂಬರ್. ಅವರ ಮನೆಗೆ ಅದೇ ಆ ವರ್ಷದ ಬದುಕು.

ಅದಕ್ಕೇ ಹೇಳ್ತಿರೋದು, ಈ ಕೆಲಸ ಅಚಾನಕ್ಕಾಗಿ ಸಿಕ್ಕಿದ್ರೂ ಬೇಡ ಅನ್ಬೇಡಿ. ಸೇರೋ ಮುಂಚೆ ಕಲೀರಿ. ಇವತ್ತೇ ಶುರು ಮಾಡ್ಬಹುದು. ಮನೇಲಿ ಅಣ್ಣ, ಅಕ್ಕ ಯಾರಾದ್ರೂ ಕೆಲಸಕ್ಕೆ ಹೋಗ್ತಿದ್ರೆ ಅವರ ಪೇಸ್ಲಿಪ್ ಕೇಳಿ ತಗೊಳ್ಳಿ. ಒಂದೊಂದು ಸಾಲೂ ಯಾಕಿದೆ ಅಂತ ಲೆಕ್ಕ ಹಾಕಿ, ಪಿಎಫ್ ಪಾಸ್‌ಬುಕ್ ಜೊತೆ ಹೋಲಿಸಿ. ತಾಳೆ ಆಗದಿದ್ರೆ ಕಾಮೆಂಟಲ್ಲಿ ಕೇಳಿ, ಕೂತು ಬಿಡಿಸೋಣ. ಕಂಪನಿ ಹೆಸರು ಮಾತ್ರ ಹಾಕ್ಬೇಡಿ.

#ಬಿಕಾಂಆದ್ಮೇಲೆಏನು #ಹುಲಿಕೆರೆ #ಎಚ್‌ಆರ್ #ನಮ್ಮಹಾಸನ