ವರ್ಷ ಎಣಿಸಿದ್ದು ಸಾಕು, ಮೇಷ್ಟ್ರನ್ನು ಕೊಡಿ

ಈ ವಾರ ಹಾಸನದಿಂದ ಬಂದ ಒಂದು ಫೋನು ನನಗೆ ಸಿಟ್ಟು ತರಿಸಿತು. ಅಕ್ಕನ ಮಗಳು ಬಿ.ಎಸ್ಸಿ. ಓದುತ್ತಿದ್ದಾಳೆ. 2023ರಲ್ಲಿ ಸೇರಿದವಳು, ಅಂದರೆ ಕರ್ನಾಟಕದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ಕೊನೆಯ ಬ್ಯಾಚು. ಜರ್ಮನಿಗೆ ಕಳಿಸಿಕೊಡುವ ಏಜೆಂಟನೊಬ್ಬ ಅವಳನ್ನು ಚೆನ್ನಾಗಿ ಹೆದರಿಸಿದ್ದಾನೆ: ನಾಲ್ಕನೇ ವರ್ಷದ ಆನರ್ಸ್ ಮಾಡದೆ ಸ್ನಾತಕೋತ್ತರಕ್ಕೆ ಅರ್ಜಿ ಹಾಕಿದರೆ ಅಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲವಂತೆ. ಅವಳ ಕಾಲೇಜಿನಲ್ಲಿ ನಾಲ್ಕನೇ ವರ್ಷವೇ ಇಲ್ಲ. ಬೆಂಗಳೂರಿಗೆ ಹೋಗಬೇಕು, ಪಿ.ಜಿ. ಹಿಡಿಯಬೇಕು, ಅಪ್ಪ ಸಾಲ ಮಾಡಬೇಕು. “ಮಾಮ, ನೀವು ಅಲ್ಲೇ ಇದೀರಲ್ಲ, ಇದು ನಿಜಾನಾ?” ಎಂದಳು.

ಮ್ಯೂನಿಕ್‌ನಲ್ಲಿ ಕೂತೇ ಹೇಳುತ್ತೇನೆ, ನಿಜವಲ್ಲ. ಜರ್ಮನಿಯ ಬ್ಯಾಚಲರ್ ಪದವಿಯೇ ಬಹಳಷ್ಟು ಕಡೆ ಮೂರು ವರ್ಷದ್ದು. ಯುರೋಪಿನ ಪದವಿಗಳನ್ನು ಒಂದೇ ಅಚ್ಚಿಗೆ ತರಲು ಹೊರಟ 1999ರ ಬೊಲೊನ್ಯಾ ಘೋಷಣೆಯ ನಂತರ ಇಲ್ಲಿ ಬೇರೂರಿದ ಲೆಕ್ಕ ಅದು: ಆರು ಸೆಮಿಸ್ಟರ್, 180 ಕ್ರೆಡಿಟ್, ಒಂದೊಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆಯ ಓದು. ತಮ್ಮ ಮಕ್ಕಳಿಗೇ ಮೂರು ವರ್ಷಕ್ಕೆ ಪದವಿ ಕೊಡುವವರು ನಮ್ಮ ಮಕ್ಕಳನ್ನು ಮೂರು ವರ್ಷ ಎಂಬ ಒಂದೇ ಕಾರಣಕ್ಕೆ ಸಾರಾಸಗಟಾಗಿ ತಳ್ಳಿಹಾಕುವುದಿಲ್ಲ. 210 ಕ್ರೆಡಿಟ್ ಕೇಳುವ ಸ್ನಾತಕೋತ್ತರ ಕೋರ್ಸುಗಳಿವೆ, ಭಾರತದ ಮೂರು ವರ್ಷದ ಪದವಿ ಸಾಲದು ಎನ್ನುವ ವಿಶ್ವವಿದ್ಯಾಲಯಗಳೂ ಇವೆ. ಅದನ್ನು ಆಯಾ ಕೋರ್ಸಿನ ನಿಯಮದಲ್ಲೇ ಓದಿ ತಿಳಿಯಬಹುದು, ಏಜೆಂಟನಿಗೆ ದುಡ್ಡು ಕೊಡಬೇಕಾಗಿಲ್ಲ. 2022ರ ನವೆಂಬರಿನಿಂದ ಭಾರತದ ವಿದ್ಯಾರ್ಥಿಗಳಿಗೆ ಎಪಿಎಸ್ ಎಂಬ ಪರಿಶೀಲನಾ ಕೇಂದ್ರದ ಪ್ರಮಾಣಪತ್ರ ಕಡ್ಡಾಯ. ಅಂಕಪಟ್ಟಿ ಅಸಲಿಯೇ ಎಂದು ಅಲ್ಲಿ ನೋಡುತ್ತಾರೆ. ಆಮೇಲೆ ವಿಭಾಗದವರು ಸಿಲಬಸ್ ಬಿಚ್ಚುತ್ತಾರೆ. ಗಣಿತ ಎಷ್ಟು ಓದಿದ್ದೀಯ, ಸಂಖ್ಯಾಶಾಸ್ತ್ರ ಎಷ್ಟು, ಪ್ರಯೋಗಾಲಯದಲ್ಲಿ ಏನು ಮಾಡಿದ್ದೀಯ? ಹುಡುಗಿ ಸೋಲುವುದಿದ್ದರೆ ಸೋಲುವುದು ಅಲ್ಲಿ.

ಆ ಸೋಲಿಗೆ ಹೊಣೆ ಅವಳಲ್ಲ. ಎನ್‌ಇಪಿಯ ದೊಡ್ಡ ಆಕರ್ಷಣೆ ‘ಓಪನ್ ಎಲೆಕ್ಟಿವ್’ ಆಗಿತ್ತು. ವಿಜ್ಞಾನದವರು ಮನಶ್ಶಾಸ್ತ್ರ ಓದಬಹುದು, ವಾಣಿಜ್ಯದವರು ಸಾಹಿತ್ಯ ಓದಬಹುದು ಎಂದು ಭಾಷಣಗಳಾದವು. ಅಕ್ಕನ ಮಗಳು ಪಟ್ಟಿಯಲ್ಲಿ ಮನಶ್ಶಾಸ್ತ್ರಕ್ಕೆ ಗುರುತು ಹಾಕಿದ್ದಳು. ಕಾಲೇಜಿನಲ್ಲಿ ಆ ವಿಷಯಕ್ಕೆ ಮೇಷ್ಟ್ರೇ ಇರಲಿಲ್ಲ. ಆ ಹೊತ್ತಿಗೆ ಬಿಡುವಿದ್ದದ್ದು ಕಾಮರ್ಸ್ ಉಪನ್ಯಾಸಕರೊಬ್ಬರಿಗೆ, ಇಡೀ ತರಗತಿಯನ್ನು ಅವರ ಮುಂದೆ ಕೂರಿಸಿದರು. ಒಂದೇ ಪದಾರ್ಥ ಬೆಂದಿರುವ ಹೋಟೆಲಿನಲ್ಲಿ ಮಾರುದ್ದದ ಮೆನು ಕೈಗಿತ್ತ ಹಾಗೆ.

ಆಯ್ಕೆ ಎಂದರೆ ಏನೆಂದು ನಾನು ನೋಡಿದ್ದು ಇಲ್ಲಿ. ಈ ಊರಿನ ಎರಡು ದೊಡ್ಡ ವಿಶ್ವವಿದ್ಯಾಲಯಗಳು, ಲುಡ್ವಿಗ್ ಮ್ಯಾಕ್ಸಿಮಿಲಿಯನ್ ಮತ್ತು ಟೆಕ್ನಿಕಲ್ ಯೂನಿವರ್ಸಿಟಿ, 1998ರಿಂದ ಸೆಂಟರ್ ಫಾರ್ ಡಿಜಿಟಲ್ ಟೆಕ್ನಾಲಜಿ ಅಂಡ್ ಮ್ಯಾನೇಜ್‌ಮೆಂಟ್ ಎಂಬ ಕೇಂದ್ರವನ್ನು ಜೊತೆಯಾಗಿ ನಡೆಸುತ್ತಿವೆ. ಅಲ್ಲಿ ಕೊಡುವುದು ಆನರ್ಸ್ ಪದವಿಯೇ. ಅದಕ್ಕೆಂದು ಬೇರೆ ವರ್ಷ ಕೂರಿಸುವುದಿಲ್ಲ. ಮುಖ್ಯ ಪದವಿ ಓದುತ್ತಲೇ ಅದರ ಪಕ್ಕದಲ್ಲಿ ಈ ಹೊರೆಯನ್ನೂ ಹೊರಬೇಕು. ಟ್ರೆಂಡ್ ಸೆಮಿನಾರ್, ಹೊಸ ಉತ್ಪನ್ನ ಕಟ್ಟುವ ಕೋರ್ಸು, ಉದ್ಯಮ ಆರಂಭಿಸುವ ಪ್ರಯೋಗಶಾಲೆ, ಈ ಮೂರು ಎಲ್ಲರಿಗೂ ಕಡ್ಡಾಯ. ಉಳಿದದ್ದು ಅವರವರ ಆಯ್ಕೆ. ಕಂಪ್ಯೂಟರ್ ಓದುವವರು, ವ್ಯವಹಾರ ಓದುವವರು ಒಂದೇ ತಂಡದಲ್ಲಿ ಕೂತು ಕಂಪನಿಗಳ ನಿಜವಾದ ಸಮಸ್ಯೆ ಬಿಡಿಸುತ್ತಾರೆ. ಒಂದೊಂದು ಬಾರಿ ಸೇರಿಸಿಕೊಳ್ಳುವುದು ಚಿಕ್ಕ ಗುಂಪನ್ನು ಮಾತ್ರ, ಏಕೆಂದರೆ ಅಷ್ಟು ಜನರನ್ನು ಕೂರಿಸಿಕೊಂಡು ತಿದ್ದುವವರು ಅಲ್ಲಿದ್ದಾರೆ.

ನಮ್ಮಲ್ಲಿ ಏನಾಯಿತೆಂದು ನಿಮಗೆ ಗೊತ್ತೇ ಇದೆ. 2021ರ ಆಗಸ್ಟಿನಲ್ಲಿ ದೇಶಕ್ಕೇ ಮೊದಲಿಗರೆಂದು ಹೇಳಿಕೊಂಡು ನಾಲ್ಕು ವರ್ಷದ ಆನರ್ಸ್ ತಂದರು. 2024ರ ಮೇ ತಿಂಗಳಲ್ಲಿ, ರಾಜ್ಯ ಶಿಕ್ಷಣ ನೀತಿ ರೂಪಿಸಲು ನೇಮಿಸಿದ ಥೋರಟ್ ಆಯೋಗದ ಮಧ್ಯಂತರ ವರದಿ ಮುಂದಿಟ್ಟುಕೊಂಡು, ಹೊಸಬರಿಗೆ ಮೂರೇ ವರ್ಷ, ಮೂರು ಮುಖ್ಯ ವಿಷಯ ಎಂದರು. ಟೀವಿಯಲ್ಲಿ ಜಗಳವೆಲ್ಲ ಮೂರೋ ನಾಲ್ಕೋ ಎಂಬುದಕ್ಕೆ. ಆ ವರ್ಷಗಳಲ್ಲಿ ಪಾಠ ಮಾಡುವವರು ಯಾರು? ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಿಂತಿರುವುದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ತಿಳಿಯದವರು ಹೊಸ ಎಲೆಕ್ಟಿವ್ ಕಟ್ಟಿ ಬೆಳೆಸುವುದು ಹೇಗೆ?

ಮೇಷ್ಟ್ರ ಮಾತು ಬಂದದ್ದರಿಂದ ನನ್ನ ಹಳೆಯ ತಕರಾರೊಂದನ್ನು ಮತ್ತೆ ಎತ್ತುತ್ತೇನೆ. ತಾಲ್ಲೂಕು ಕಾಲೇಜುಗಳಲ್ಲಿ ಐಚ್ಛಿಕ ಕನ್ನಡ ಒಂದೊಂದಾಗಿ ಮುಚ್ಚುತ್ತಿದೆ. ಮಕ್ಕಳು ಸೇರುತ್ತಿಲ್ಲ ಎನ್ನುವುದು ಎಲ್ಲ ಕಡೆಯ ಉತ್ತರ. ಜರ್ಮನಿಯಲ್ಲೂ ಇಂಡಾಲಜಿಯಂಥ ವಿಷಯಕ್ಕೆ ಮಕ್ಕಳು ಕಡಿಮೆ, ಇಲ್ಲೂ ವಿಭಾಗಗಳು ಮುಚ್ಚಿವೆ. ಆದರೆ ಇಂಥ ಸಣ್ಣ ವಿಷಯಗಳನ್ನು ಗಮನಿಸಲೆಂದೇ ಮೈನ್ಸ್ ವಿಶ್ವವಿದ್ಯಾಲಯದಲ್ಲಿ ಒಂದು ಕಚೇರಿ ಇದೆ. ಯಾವ ಊರಿನಲ್ಲಿ ಯಾವ ಪ್ರಾಧ್ಯಾಪಕ ಹುದ್ದೆ ಹುಟ್ಟಿತು, ಯಾವುದು ಹೋಯಿತು ಎಂದು ಅದು ದೇಶಕ್ಕೆಲ್ಲ ಕಾಣುವಂತೆ ಬರೆದಿಡುತ್ತದೆ. ಕದ್ದುಮುಚ್ಚಿ ಒಂದು ವಿಷಯವನ್ನು ಕೊಲ್ಲುವುದು ಕಷ್ಟ. ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾಲಯ ಕನ್ನಡ ವಿದ್ವಾಂಸ ಬಿ.ಎ. ವಿವೇಕ ರೈ ಅವರನ್ನು ಅತಿಥಿ ಪ್ರಾಧ್ಯಾಪಕರಾಗಿ ಕರೆಸಿಕೊಂಡಾಗ ಕನ್ನಡ ಕಲಿಯಲು ಎಷ್ಟು ಜನ ಬರುತ್ತಾರೆಂಬ ಲೆಕ್ಕ ನೋಡಿ ಕರೆಸಿರಲಾರದು. ಕರ್ನಾಟಕದ ಯಾವ ಕಾಲೇಜಿನಲ್ಲಿ ಯಾವ ವಿಷಯ ಈ ವರ್ಷ ಮುಚ್ಚಿತು ಎಂಬ ಒಂದು ಪಟ್ಟಿಯನ್ನು ಉನ್ನತ ಶಿಕ್ಷಣ ಇಲಾಖೆ ಪ್ರಕಟಿಸಲಿ. ಅದಕ್ಕೆ ಆಯೋಗವೂ ಬೇಡ, ಹೆಚ್ಚು ಖರ್ಚೂ ಇಲ್ಲ.

ಒಂದು ಸರ್ಕಾರ ವರ್ಷ ಸೇರಿಸಿ ಚಪ್ಪಾಳೆ ತಟ್ಟಿಸಿಕೊಂಡಿತು, ಇನ್ನೊಂದು ಕಿತ್ತುಹಾಕಿ ತಟ್ಟಿಸಿಕೊಂಡಿತು. ಎರಡಕ್ಕೂ ಒಂದು ಆದೇಶ, ಒಂದು ಸಹಿ ಸಾಕಾಯಿತು. ಕಾಯಂ ಮೇಷ್ಟ್ರನ್ನು ನೇಮಿಸಲು ಪ್ರತಿ ತಿಂಗಳೂ ಸಂಬಳ ಕೊಡಬೇಕು. ಮೂರೋ ನಾಲ್ಕೋ ಎಂದು ನಮ್ಮ ಮಂತ್ರಿಗಳು ಇಷ್ಟು ಹುರುಪಿನಿಂದ ಜಗಳವಾಡುವುದು ಆ ಸಂಬಳದ ಮಾತು ಬರಬಾರದೆಂದೇ.