ಹಳಗನ್ನಡ ಓದುವ ವಿದೇಶಿಯರು ಸುದ್ದಿ, ನಮ್ಮ ಹುಡುಗಿ ಯಾಕಲ್ಲ?

ಯಾರಾದರೂ ವಿದೇಶಿಯರು ಜಿಲ್ಲೆಗೆ ಬಂದು ಹಳಗನ್ನಡದ ಬಗ್ಗೆ ನಾಲ್ಕು ಮಾತಾಡಿದರೆ ಸಾಕು, ನಾವು ವರದಿಗಾರರು ಬೈಕ್ ಹತ್ತಿ ಓಡುತ್ತೇವೆ. ಫೋಟೊ ಸಮೇತ ಮೂರು ಕಾಲಂ ಗ್ಯಾರಂಟಿ. ಅದೇ ಕೆಲಸ ಮಾಡಬಲ್ಲ ನಮ್ಮೂರ ಹುಡುಗಿಯ ಬಗ್ಗೆ ಇವತ್ತಿನವರೆಗೆ ಒಂದು ಸಾಲೂ ಬರೆದಿಲ್ಲ.

ಅವಳು ಪಾವಗಡದ ಕಡೆಯವಳು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಎಂ.ಎ. ಓದುವಾಗ ಭೀಮಕವಿಯ ಬಸವಪುರಾಣದ ಪಕ್ಕದಲ್ಲಿ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ ಇಟ್ಟುಕೊಂಡು ಓದಿದಳು. 1369ರಲ್ಲಿ ಭೀಮಕವಿ ಕನ್ನಡಕ್ಕೆ ತಂದದ್ದು ಅದನ್ನೇ ತಾನೆ? ಪಿಎಚ್.ಡಿ.ಗೆ ಇದೇ ವಿಷಯ ಎಂದಾಗ ಹಿರಿಯ ಮೇಷ್ಟ್ರು, ‘ತೆಲುಗಿನದ್ದಕ್ಕೆ ಗೈಡ್ ಎಲ್ಲಿಂದ ತರೋಣಮ್ಮ? ಯಾರಾದರೂ ಕಾದಂಬರಿಕಾರರ ಮೇಲೆ ಮಾಡು, ಬೇಗ ಮುಗಿಯುತ್ತೆ’ ಅಂದರು. ಮುಗಿಯಿತು. ಈಗ ಅತಿಥಿ ಉಪನ್ಯಾಸಕಿ. ರಜೆ ಬಂದರೆ ಸಂಬಳ ಇಲ್ಲ.

ಮೇಷ್ಟ್ರು ಕೆಟ್ಟವರಲ್ಲ. ಕೆಟ್ಟಿರುವುದು ಭಾಷೆಗೊಂದು ಗೋಡೆ ಕಟ್ಟಿದ ವಿಭಾಗಗಳ ಲೆಕ್ಕಾಚಾರ. ಆ ಕಾಲದ ಕವಿಗಳಿಗೆ ಇಂಥ ಗೋಡೆ ಇರಲಿಲ್ಲ. ಪಂಪನಿಗೆ ಆಶ್ರಯ ಕೊಟ್ಟ ಅರಿಕೇಸರಿಯ ವೇಮುಲವಾಡ ಇವತ್ತು ತೆಲಂಗಾಣದಲ್ಲಿದೆ. ಅಲ್ಲೇ ಕರೀಂನಗರ ಜಿಲ್ಲೆಯ ಕುರ್ಕ್ಯಾಲದಲ್ಲಿ ಪಂಪನ ತಮ್ಮ ಜಿನವಲ್ಲಭ ಹಾಕಿಸಿದ ಶಾಸನವಿದೆ. ಒಂದೇ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ನಮ್ಮ ವಿಶ್ವವಿದ್ಯಾಲಯಗಳ ಲೆಕ್ಕದಲ್ಲಿ ಅಣ್ಣನನ್ನು ಓದಲು ಒಂದು ವಿಭಾಗಕ್ಕೆ ಹೋಗಬೇಕು, ತಮ್ಮನನ್ನು ಓದಲು ಮೂರು ವಿಭಾಗ ಸುತ್ತಬೇಕು!

ಸೋಮನಾಥನ ಬಸವಪುರಾಣವನ್ನು ಇಂಗ್ಲಿಷಿಗೆ ತಂದವರು ವೆಲ್ಚೇರು ನಾರಾಯಣ ರಾವ್, ಜೀನ್ ರೋಗೇರ್ ಜೊತೆಗೂಡಿ. 1990ರಲ್ಲಿ ಅದನ್ನು ಅಚ್ಚು ಹಾಕಿದ್ದು ಅಮೆರಿಕದ ಪ್ರಿನ್ಸ್‌ಟನ್. ಹರಿಹರನ ರಗಳೆಗಳ ಮೇಲೆ 2018ರಲ್ಲಿ ಇಂಗ್ಲಿಷಿನಲ್ಲಿ ಇಡೀ ಪುಸ್ತಕ ಬರೆದ ಗಿಲ್ ಬೆನ್-ಹೆರುಟ್ ಪಾಠ ಮಾಡುವುದು ಫ್ಲೋರಿಡಾದಲ್ಲಿ. ಇವರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ, ಗೌರವವಿದೆ. ಆದರೆ ಇವರು ಇಂಥ ಕೆಲಸ ಮಾಡಲು ಬುದ್ಧಿಯ ಜೊತೆ ವರ್ಷಗಟ್ಟಲೆ ಸಮಯವೂ, ತಿಂಗಳಿಗೆ ತಪ್ಪದ ಸಂಬಳವೂ ಬೇಕು. ನಮ್ಮ ಹುಡುಗಿಯ ಹತ್ತಿರ ಎರಡು ಭಾಷೆಯಿದೆ, ಉಳಿದೆರಡು ಇಲ್ಲ.

ಕನ್ನಡಕ್ಕೂ ತೆಲುಗಿಗೂ 2008ರಲ್ಲಿ ಒಟ್ಟಿಗೇ ಶಾಸ್ತ್ರೀಯ ಸ್ಥಾನ ಸಿಕ್ಕಿತು. ನಾವೂ ಸಿಹಿ ಹಂಚಿದ ಫೋಟೊ ಹಾಕಿದ್ದೆವು. ಆ ಸ್ಥಾನದಿಂದ ಪಾವಗಡ, ಬಾಗೇಪಲ್ಲಿ, ರಾಯಚೂರಿನಂಥ ಗಡಿ ಊರುಗಳ ಎರಡು ಭಾಷೆಯ ಮಕ್ಕಳಿಗೆ ಏನು ದಕ್ಕಿತು ಎಂದು ಕೇಳಲಿಲ್ಲ. ಕನ್ನಡಕ್ಕೊಬ್ಬರು, ತೆಲುಗಿಗೊಬ್ಬರು ಅಂತ ಇಬ್ಬರು ಗೈಡ್‌ಗಳನ್ನು ಒಪ್ಪಿಕೊಳ್ಳಲು ಏನು ಕಷ್ಟ? ಎರಡೂ ಬಲ್ಲವರಿಗೆಂದೇ ಗಡಿ ಜಿಲ್ಲೆಗೆ ಒಂದಾದರೂ ಕಾಯಂ ಹುದ್ದೆ ಕೊಡಬಾರದೆ? ಕುಲಪತಿಗಳ ಮುಂದಿನ ಪತ್ರಿಕಾಗೋಷ್ಠಿಯಲ್ಲಿ ಈ ಎರಡು ಪ್ರಶ್ನೆ ಕೇಳೋಣ, ತಿಂಡಿ ತಟ್ಟೆ ಕೈಗೆ ಬರುವ ಮೊದಲೇ.