ರೋಲ್ ಮುಗಿಸಲಿಕ್ಕೆ ತೆಗೆದ ಫೋಟೊ

ಮನೆಯಲ್ಲಿರುವ ಹಳೆಯ ಫೋಟೊಗಳನ್ನು ಕಳಿಸಿಕೊಡಿ ಎಂದು ಕಳೆದ ಸಂಚಿಕೆಯಲ್ಲಿ ಓದುಗರನ್ನು ಕೇಳಿದ್ದೆವು. ಹತ್ತಿಪ್ಪತ್ತು ಬಂದರೆ ಹೆಚ್ಚು ಎಂದುಕೊಂಡಿದ್ದ ಕಚೇರಿಗೆ ಅಂಚೆಯ ಲಕೋಟೆಗಳು, ಕೊರಿಯರ್ ಪೊಟ್ಟಣಗಳು, ಒಂದೆರಡು ಕಡೆಯಿಂದ ಗೋಡೆಯಿಂದಿಳಿಸಿದ ಹಾಗೇ ಕಟ್ಟುಸಮೇತ ಪಟಗಳು ಬಂದವು. ವಯಸ್ಸಿನ ಪ್ರಕಾರ ವಿಂಗಡಿಸೋಣವೆಂದು ಮೇಜಿನ ಮೇಲೆ ಗುಡ್ಡೆ ಹಾಕುತ್ತ ಹೋದೆವು. ಬೋರಲು ಬಿದ್ದು ತಲೆಯೆತ್ತಿದ ಕೂಸು, ಕೃಷ್ಣನ ವೇಷದ ಗಂಡುಮಗು, ಮೊಗ್ಗಿನ ಜಡೆಯ ಹುಡುಗಿ, ಗಂಡಿನ ಕಡೆಯವರಿಗೆ ಕೊಡಲೆಂದು ತೆಗೆಸಿದ ಹೆಣ್ಣಿನ ಫೋಟೊ, ಮದುವೆ, ಸೀಮಂತ. ಅಲ್ಲಿಂದಾಚೆ ಗುಡ್ಡೆ ಕರಗಿತು. ಮತ್ತೆ ಏರಿದ್ದು ಷಷ್ಟ್ಯಬ್ದಿಯಲ್ಲಿ. ಅದರ ಪಕ್ಕಕ್ಕೇ ಗಂಧದ ಹಾರ ಹಾಕಿದ ಪಟಗಳು. ಮೂವತ್ತಕ್ಕೂ ಅರವತ್ತಕ್ಕೂ ನಡುವೆ ನಮ್ಮ ಹೆಂಗಸರೆಲ್ಲ ಎಲ್ಲಿಗೆ ಹೋಗಿದ್ದರು?

ಎಲ್ಲಿಗೂ ಹೋಗಿರಲಿಲ್ಲ, ಮನೆಯಲ್ಲೇ ಇದ್ದರು. ಫೋಟೊ ತೆಗೆಸುವಂಥದ್ದು ಏನೂ ನಡೆದಿರಲಿಲ್ಲ, ಅಷ್ಟೆ. ನಮ್ಮಲ್ಲಿ ಫೋಟೊ ತೆಗೆಸುತ್ತಿದ್ದದ್ದು ಸಂದರ್ಭಕ್ಕೆ. ಮನುಷ್ಯರು ಅದರಲ್ಲಿ ಹಾಜರಿ ಹಾಕುತ್ತಿದ್ದರು. ಕೂಸು ಕವುಚಿಕೊಂಡಿತು, ಹುಡುಗಿಗೆ ಜಡೆ ಹಾಕಿಸಿತು, ಹೆಣ್ಣು ನಿಶ್ಚಯವಾಯಿತು ಎಂದರೆ ಸ್ಟುಡಿಯೋಕ್ಕೆ ಹೊರಡುವುದು. ಬರೀ ನಲವತ್ತು ತುಂಬಿತು ಎಂದು ಯಾರೂ ಹೊರಟವರಿಲ್ಲ.

ಈ ಸಂದರ್ಭಗಳ ಪೈಕಿ ಜಡೆಯ ಫೋಟೊ ನನಗೆ ಎಲ್ಲಕ್ಕಿಂತ ಇಷ್ಟ. ಬೇಸಿಗೆಯಲ್ಲಿ ಮಲ್ಲಿಗೆ ಮೊಗ್ಗು ಸೋವಿಯಾದಾಗ ಮನೆಗೆ ಜಡೆ ಹಾಕುವವರನ್ನು ಕರೆಸುತ್ತಿದ್ದರು. ಮೊಗ್ಗುಗಳನ್ನು ಬಾಳೆಪಟ್ಟೆಯ ಮೇಲೆ ಸಾಲಾಗಿ ಹೊಲಿದು, ನಡುನಡುವೆ ಕನಕಾಂಬರ, ಮರುಗ ಸೇರಿಸಿ, ಜಡೆಗೆ ಬಿಗಿದು, ತುದಿಗೆ ಕುಚ್ಚು ಇಳಿಬಿಟ್ಟರೆ ಹುಡುಗಿಯ ಕತ್ತು ಹಿಂದಕ್ಕೆ ಜಗ್ಗುತ್ತಿತ್ತು. ಮೊಗ್ಗು ಅರಳುವ ಮುಂಚೆ ಸ್ಟುಡಿಯೋ ಮುಟ್ಟಬೇಕು. ಅಲ್ಲಿ ಇನ್ನೊಂದು ಪೇಚು: ಮುಖ ಕಂಡರೆ ಜಡೆ ಕಾಣದು, ಜಡೆ ಕಂಡರೆ ಮುಖ ಕಾಣದು. ಇಷ್ಟು ದುಡ್ಡು ಸುರಿದಿರುವುದು ಜಡೆಗೆ. ಅದಕ್ಕೇ ಊರೂರಿನ ಸ್ಟುಡಿಯೋದವರು ಒಂದು ನಿಲುವುಗನ್ನಡಿ ಇಟ್ಟುಕೊಂಡಿರುತ್ತಿದ್ದರು. ಅದರ ಮುಂದೆ ಹುಡುಗಿಯನ್ನು ಓರೆಯಾಗಿ ನಿಲ್ಲಿಸಿದರೆ ಮುಖ ಕ್ಯಾಮೆರಾಕ್ಕೆ, ಬೆನ್ನು ಕನ್ನಡಿಗೆ. ನಮಗೆ ಬಂದ ಒಂದು ಫೋಟೊದಲ್ಲಿ ಕನ್ನಡಿ ಕೊಂಚ ಹೆಚ್ಚೇ ಹಿಡಿದಿದೆ. ಹುಡುಗಿಯ ಜಡೆಯಾಚೆ, ಕನ್ನಡಿಯ ಅಂಚಿನಲ್ಲಿ, ಒಂದು ಮೊಣಕೈ, ನಾಲ್ಕು ಗಾಜಿನ ಬಳೆ, ಕೈಯಲ್ಲೊಂದು ಬಾಚಣಿಗೆ. ಹುಡುಗಿಯ ತಾಯಿಯೋ ಚಿಕ್ಕಮ್ಮನೋ ಇರಬೇಕು. ಆ ಲಕೋಟೆಯಲ್ಲಿದ್ದ ಮಿಕ್ಕ ಯಾವ ಫೋಟೊದಲ್ಲೂ ಆ ವಯಸ್ಸಿನ ಹೆಂಗಸಿಲ್ಲ.

ಗ್ರೂಪ್ ಫೋಟೊಗಳದು ಬೇರೆಯೇ ಶಿಸ್ತು. ನಡುವಿನ ಕುರ್ಚಿಗಳಲ್ಲಿ ಹಿರಿಯರು, ಹಿಂದೆ ನಿಂತ ಗಂಡುಮಕ್ಕಳು, ಸೆರಗು ಹೊದ್ದು ಅಂಚಿಗೆ ಸರಿದ ಸೊಸೆಯಂದಿರು, ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಮೊಮ್ಮಕ್ಕಳು. ಯಜಮಾನರ ಎರಡೂ ಕೈ ಮಂಡಿಯ ಮೇಲೆ, ಉಂಗುರ ಕಾಣುವಂತೆ ಬೆರಳು ಬಿಡಿಸಿ. ಬೆಂಗಳೂರಿನಲ್ಲಿ 1910ರಲ್ಲಿ ಶುರುವಾದ ಜಿ.ಕೆ. ವೇಲ್‌ನಂಥ ದೊಡ್ಡ ಸ್ಟುಡಿಯೋಗಳಿದ್ದವು. ತಾಲ್ಲೂಕು ಕೇಂದ್ರದವಕ್ಕೆ ಮೆಟ್ಟಿಲು, ಕಂಬ, ಬೆಳದಿಂಗಳು ಬರೆದ ಒಂದು ಪರದೆ, ಮೊಳೆಗೆ ನೇತುಹಾಕಿದ ಒಂದು ಕೋಟು ಸಾಕಾಗುತ್ತಿತ್ತು. ಒಂದೇ ಊರಿನ ಬೇರೆ ಬೇರೆ ಮನೆಗಳಿಂದ ಬಂದ ಮದುಮಕ್ಕಳು ಅದೇ ಕೋಟು ತೊಟ್ಟಿರುವುದನ್ನು ನಮ್ಮ ಕಲಾವಿದರು ಗುಂಡಿ ನೋಡಿ ಪತ್ತೆ ಮಾಡಿದರು. ಮೂವರು ಮಾತ್ರ ನಿಂತು ಫೋಟೊ ತೆಗೆಸಬಾರದೆಂಬ ನಂಬಿಕೆಗೆ ಪಕ್ಕದ ಮನೆಯ ಮಗುವನ್ನು ನಾಲ್ಕನೆಯದಾಗಿ ಎಳೆದು ನಿಲ್ಲಿಸಿದ ಉದಾಹರಣೆಗಳೂ ಇವೆ. ಆ ಮಗು ಯಾರೆಂದು ಈಗ ಮನೆಯವರಿಗೂ ತಿಳಿಯದು.

ಯಾರಿದ್ದಾರೆ ಎಂಬಷ್ಟೇ ಯಾರಿಲ್ಲ ಎಂಬುದೂ ಈ ಪಟಗಳಲ್ಲಿ ಕಾಣುತ್ತದೆ. ಗಂಡ ಸತ್ತು ತವರಿಗೆ ಮರಳಿದ ಸೋದರತ್ತೆ ಎಷ್ಟೋ ಮನೆಗಳಲ್ಲಿ ಇದ್ದರು. ಬಾಣಂತನ ಮಾಡಿದವರು, ಮಕ್ಕಳನ್ನು ಸಾಕಿದವರು. ಶುಭಕಾರ್ಯದ ಫೋಟೊದಲ್ಲಿ ಅವರಿಗೆ ಜಾಗ ಇರಲಿಲ್ಲ. ಮನೆಯಂಗಳದಲ್ಲಿ ತೆಗೆದ ಒಂದು ಗ್ರೂಪ್ ಫೋಟೊದಲ್ಲಿ ಬಾಗಿಲ ಸಂದಿಯಿಂದ ಅರ್ಧ ಮುಖ ಇಣುಕಿದೆ. ಫೋಟೊ ಕಳಿಸಿದವರು ಆ ಮುಖದ ಹೆಸರು ಬರೆದಿಲ್ಲ. ಉಳಿದ ಎಲ್ಲರ ಹೆಸರೂ ಇದೆ. ಸಂಪ್ರದಾಯ ಎಂದು ಇದನ್ನು ತೇಲಿಸಿಬಿಡಲು ನನಗೆ ಮನಸ್ಸಿಲ್ಲ.

ನಡುವಿನ ವರ್ಷಗಳ ಕೊರತೆ ಮನೆಯವರಿಗೆ ಗೊತ್ತಾಗುವುದು ಸಾವಿನ ದಿನ. ಪತ್ರಿಕೆಗೆ ಕೊಡಬೇಕು, ವೈಕುಂಠ ಸಮಾರಾಧನೆಗೋ ತಿಥಿಗೋ ಪಟ ಆಗಬೇಕು, ಒಂಟಿ ಫೋಟೊ ಮಾತ್ರ ಇಲ್ಲ. ಆಗ ಯಾರದೋ ಮದುವೆಯ ಗ್ರೂಪ್ ಫೋಟೊ ಹಿಡಿದು ಸ್ಟುಡಿಯೋಕ್ಕೆ ಓಡುವುದು. ಟಚಿಂಗ್ ಮಾಡುವವರು ಆ ಒಂದು ಮುಖವನ್ನು ಬಿಡಿಸಿ, ಹೆಗಲ ಮೇಲಿದ್ದ ಓರಗಿತ್ತಿಯ ಕೈ ಅಳಿಸಿ, ಅಲ್ಲಿಗೆ ಸೆರಗು ಬರೆದು, ಹಿಂದೆ ಆಕಾಶ ತುಂಬಿ ಎನ್‌ಲಾರ್ಜ್ ಮಾಡಿಕೊಡುತ್ತಿದ್ದರು. ಸ್ಟುಡಿಯೋದ ಮೆಟ್ಟಿಲನ್ನೇ ಹತ್ತದ ಮನೆಗಳಿಗೆ ಅದೂ ಇರಲಿಲ್ಲ. 1993ರಲ್ಲಿ ಮತದಾರರ ಗುರುತಿನ ಚೀಟಿ ಬಂತು, ಆಮೇಲೆ ಪಡಿತರ ಚೀಟಿಯ ಮೇಲೆ ಕುಟುಂಬದ ಫೋಟೊ ಬಂತು. ಕಂಪ್ಯೂಟರ್ ಮುಂದಿನ ಪುಟ್ಟ ಕ್ಯಾಮೆರಾಕ್ಕೆ ಗಂಡ, ಹೆಂಡತಿ, ಮಕ್ಕಳು ಒತ್ತಿಕೊಂಡು ನಿಂತ, ಮಸುಕು ಮಸುಕಾದ ಆ ಚೌಕವೇ ಎಷ್ಟೋ ಮನೆಗಳ ಏಕೈಕ ಕುಟುಂಬಚಿತ್ರ. ಅದರ ಜೆರಾಕ್ಸ್ ಪ್ರತಿಯನ್ನೇ ಲಕೋಟೆಯಲ್ಲಿಟ್ಟು ಕಳಿಸಿದವರೂ ಇದ್ದಾರೆ. ಇದನ್ನೂ ಜಡೆಯ ಫೋಟೊದಷ್ಟೇ ದೊಡ್ಡದಾಗಿ ಅಚ್ಚು ಹಾಕಿದ್ದೇವೆ.

ಸಂದರ್ಭ ಬಿಟ್ಟು ಕ್ಯಾಲೆಂಡರ್ ಹಿಡಿದವರು ಹೊರಗೆ ಇದ್ದಾರೆ. ಅಮೆರಿಕದ ನಿಕೊಲಸ್ ನಿಕ್ಸನ್ 1975ರಿಂದ ವರ್ಷಕ್ಕೊಮ್ಮೆ ತನ್ನ ಹೆಂಡತಿ ಮತ್ತು ಆಕೆಯ ಮೂವರು ಅಕ್ಕತಂಗಿಯರನ್ನು ಒಟ್ಟಿಗೆ ನಿಲ್ಲಿಸಿ ಚಿತ್ರ ತೆಗೆದ. ನಲವತ್ತು ವರ್ಷ ದಾಟಿದರೂ ನಿಲ್ಲಿಸಲಿಲ್ಲ. ಎಡದಿಂದ ಬಲಕ್ಕೆ ಯಾವಾಗಲೂ ಅದೇ ಕ್ರಮ. ಕ್ಯಾಮೆರಾ ಎಂಟು ಇಂಚು, ಹತ್ತು ಇಂಚಿನ ನೆಗೆಟಿವ್ ಬೇಡುವ ದೊಡ್ಡದು. ಮೊದಲ ಚಿತ್ರದಲ್ಲಿ ಕಿರಿಯಳಿಗೆ ಹದಿನೈದು, ಹಿರಿಯಳಿಗೆ ಇಪ್ಪತ್ತೈದು. ಕೆಲವು ಚಿತ್ರಗಳಲ್ಲಿ ತೆಗೆಯುವವನ ನೆರಳೂ ಅವರ ಮೇಲೆ ಬಿದ್ದಿದೆ. ಅರ್ಜೆಂಟೀನಾದ ಡಿಯೆಗೊ ಗೋಲ್ಡ್‌ಬರ್ಗ್ 1976ರಿಂದ ಪ್ರತಿ ಜೂನ್ 17ರಂದು ತನ್ನ, ತನ್ನ ಹೆಂಡತಿಯ, ಹುಟ್ಟುತ್ತ ಹೋದ ಹಾಗೆ ಮಕ್ಕಳ ಮುಖಗಳನ್ನು ಬಿಡಿಬಿಡಿಯಾಗಿ ತೆಗೆಯುತ್ತ ಬಂದ. ನಿಕ್ಸನ್ನನ ಚಿತ್ರಗಳನ್ನು ಸಾಲಾಗಿ ನೋಡಿದರೆ ನಮ್ಮ ಗುಡ್ಡೆಯಲ್ಲಿ ತಪ್ಪಿಹೋದ ಮೂವತ್ತೈದು, ನಲವತ್ತೆರಡು, ಐವತ್ತೊಂದು ಎಲ್ಲ ಅಲ್ಲಿವೆ: ಕುತ್ತಿಗೆಯ ಗೆರೆ, ಒಬ್ಬಳು ಇನ್ನೊಬ್ಬಳ ಭುಜಕ್ಕೆ ಒರಗುವುದು ವರ್ಷ ವರ್ಷಕ್ಕೆ ಹೆಚ್ಚುವುದು.

ಇಂಥದ್ದು ನಮ್ಮಲ್ಲಿ ಆಗುವಂತಿರಲಿಲ್ಲ ಎನ್ನುವವರಿದ್ದಾರೆ. ಮದುವೆಯಾಗಿ ನಾಲ್ಕು ಊರಿಗೆ ಚದುರಿದ ಅಕ್ಕತಂಗಿಯರನ್ನು ವರ್ಷವರ್ಷವೂ ಒಂದೆಡೆ ಕೂಡಿಸುವುದು ಹೇಗೆ? ಗೌರಿ ಹಬ್ಬ ಕೂಡಿಸುತ್ತಿತ್ತಲ್ಲ! ಭಾದ್ರಪದಕ್ಕೆ ತವರಿಗೆ ಬಂದು, ಬಾಗಿನ ಹಿಡಿದು, ಜಗಲಿಯ ಮೇಲೆ ಸಾಲಾಗಿ ಕೂರುತ್ತಿದ್ದರಲ್ಲ. ಆ ಸಾಲಿನ ಒಂದು ಫೋಟೊವೂ ನಮ್ಮ ಮೇಜಿಗೆ ಬರಲಿಲ್ಲ. ಪ್ರತಿವರ್ಷ ಆಗುವುದನ್ನು ಏನು ತೆಗೆಸುವುದು ಎಂದು ಮನೆಯವರಿಗೆ ಅನ್ನಿಸಿದ್ದರೆ ಅದೂ ಸಹಜವೇ.

ಹಾಗಿದ್ದರೂ ನಡುವಿನ ಗುಡ್ಡೆ ಪೂರ್ತಿ ಖಾಲಿ ಇರಲಿಲ್ಲ. ಅಲ್ಲಿ ಬಿದ್ದಿದ್ದ ಕೆಲವು ಫೋಟೊಗಳಿಗೆ ಒಂದು ವಿಚಿತ್ರ ಹೋಲಿಕೆ ಇತ್ತು. ಒಬ್ಬಾಕೆ ಬಾವಿಕಟ್ಟೆಯ ಹತ್ತಿರ ಕೊಡ ಇಳಿಸುತ್ತ ಬೇಡವೋ ಎನ್ನುವಂತೆ ಕೈಯೆತ್ತಿದ್ದಾರೆ. ಇನ್ನೊಬ್ಬರು ಹಪ್ಪಳ ಒಣಹಾಕುತ್ತ ತಿರುಗಿದ್ದಾರೆ. ಕಾರಣವನ್ನು ಕಳಿಸಿದವರ ಪತ್ರಗಳೇ ಹೇಳಿದವು. ಮನೆಗೆ ಆಗ್ಫಾ ಕ್ಲಿಕ್ 3 ಬಂದ ಕಾಲ. ಒಂದು ರೋಲಿಗೆ ಹನ್ನೆರಡು ಫೋಟೊ. ಪ್ರವಾಸದಲ್ಲೋ ನಾಮಕರಣದಲ್ಲೋ ಹತ್ತು ಹನ್ನೊಂದು ಮುಗಿದಿರುತ್ತಿದ್ದವು, ತೊಳೆಯಲು ಕೊಡಬೇಕೆಂದರೆ ರೋಲ್ ಮುಗಿಯಬೇಕು. ಉಳಿದದ್ದನ್ನು ಯಾರ ಮೇಲೆ ಖರ್ಚು ಮಾಡುವುದು? ಎದುರಿಗೆ ಅಮ್ಮ ಇದ್ದಳು. ಸೀರೆ ಬದಲಿಸಲು, ಮುಖ ತೊಳೆಯಲು ಸಮಯ ಕೊಡದೆ ಕ್ಲಿಕ್ ಮಾಡಿದ್ದು. ತಾಯಂದಿರು ತಾಯಂದಿರ ಹಾಗೇ ಇರುವ ಫೋಟೊಗಳು ಇವೇ. ಇಂಥ ಕ್ಷಣವನ್ನು ಹುಡುಕಿಕೊಂಡು ಹೋಗಿ ತೆಗೆದವರು ನಮ್ಮ ಮೈಸೂರಿನ ಟಿ.ಎಸ್. ಸತ್ಯನ್; ಅವರ ಮಕ್ಕಳ ಚಿತ್ರಗಳು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡಿದ್ದವು. ನಮ್ಮ ಮನೆಗಳಲ್ಲಿ ಆ ಕೆಲಸವನ್ನು ರೋಲಿನ ಕೊನೆಯ ತುಣುಕು ಮಾಡಿತು.

ಈಗ ರೋಲಿಲ್ಲ, ಮುಗಿಯುವುದೂ ಇಲ್ಲ. ಫೋನಿನಲ್ಲಿ ಅಮ್ಮನ ಫೋಟೊ ಸಾವಿರ ಇದ್ದರೂ ಗೋಡೆಗೆ ಒಂದನ್ನು ಆರಿಸಿ ಎಂದರೆ ಮಕ್ಕಳು ತಬ್ಬಿಬ್ಬಾಗುತ್ತಾರೆ. ಮುಖದ ಗೆರೆಗಳನ್ನು ಫೋನು ತಾನಾಗಿಯೇ ನಯಗೊಳಿಸುವುದರಿಂದ ಐವತ್ತೊಂದು ವಯಸ್ಸು ಮತ್ತೆ ಕಣ್ಮರೆಯಾಗುತ್ತಿದೆ, ಬೇರೆ ದಾರಿಯಿಂದ.

ಫೋಟೊ ಕಳಿಸಿದವರಿಗೆ ಕೆಲವು ವಿನಂತಿಗಳು. 1980ರ ಸುಮಾರಿನ ಬಣ್ಣದ ಪ್ರಿಂಟುಗಳು ಬಹಳಷ್ಟು ಕೆಂಪಗಾಗಿವೆ. ಕಪ್ಪುಬಿಳುಪಿನಲ್ಲಿ ಬೆಳ್ಳಿ ಉಳಿಯುತ್ತದೆ, ಬಣ್ಣದವುಗಳಲ್ಲಿ ಇರುವುದು ಬರೀ ರಂಗು. ಅಜ್ಜಿಯ ಮದುವೆಗಿಂತ ಮೊದಲು ಮೊಮ್ಮಗನ ನಾಮಕರಣವೇ ಮಾಸುತ್ತದೆ. ಅವನ್ನು ಈಗಲೇ ಸ್ಕ್ಯಾನ್ ಮಾಡಿಸಿಕೊಳ್ಳಿ. ಅಂಟುಹಾಳೆಯ ಆಲ್ಬಮ್ಮಿನಲ್ಲಿದ್ದರೆ ನಿಧಾನವಾಗಿ ಬಿಡಿಸಿ, ಬಲವಂತ ಬೇಡ. ಹೆಸರನ್ನು ಹಿಂಬದಿಗೆ ಮೆತ್ತಗೆ ಪೆನ್ಸಿಲ್ಲಿನಲ್ಲಿ ಬರೆಯಿರಿ, ಬಾಲ್‌ಪೆನ್ನಿನ ಒತ್ತು ಮುಖದ ಮೇಲೆ ಮೂಡುತ್ತದೆ. ನಿಮ್ಮ ಫೋಟೊಗಳನ್ನೆಲ್ಲ ಈ ತಿಂಗಳೊಳಗೆ ಅಂಚೆಯಲ್ಲಿ ಹಿಂದಿರುಗಿಸುತ್ತೇವೆ. ಬಾಗಿಲ ಸಂದಿಯ ಆ ಅರ್ಧ ಮುಖದ ಫೋಟೊ ಕಳಿಸಿದವರಿಗೆ ಮಾತ್ರ ಒಂದು ಕಾಗದವನ್ನೂ ಜೊತೆಗಿಟ್ಟಿದ್ದೇವೆ. ಮನೆಯಲ್ಲಿ ತಿಳಿದವರು ಇನ್ನೂ ಇದ್ದರೆ ಅವರ ಹೆಸರು ಕೇಳಿ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.